ಗುಲಗಂಜಿಯ ಎರಡನೆಯ ತೂಕ

ಚಿಕ್ಕಂದಿನಲ್ಲಿ ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿಯನ್ನು ಕಂಡಿದ್ದೆ. ಆ ಕೆಂಪು ಬೀಜವು ಚಿನ್ನವನ್ನಲ್ಲದೆ ಮತ್ತೊಂದನ್ನೂ ಅಳೆಯಲು ನೆರವಾಯಿತೆಂದು ನಾನರಿತದ್ದು ಪಾಲ್ ಎರ್ಲಿಖನ ಜೀವನವನ್ನು ಓದಿದಾಗ.

1854ರಲ್ಲಿ, ಪ್ರಷ್ಯಕ್ಕೆ ಸೇರಿದ್ದ ಸೈಲೀಶಿಯದ ಯೆಹೂದಿ ಮನೆತನವೊಂದರಲ್ಲಿ ಈತನ ಜನನ. ವಿದ್ಯಾರ್ಥಿದೆಸೆಯಿಂದಲೂ ಬಣ್ಣಗಳ ಹುಚ್ಚು. ಯಾವ ಬಣ್ಣ ಯಾವ ಜೀವಕೋಶಕ್ಕೆ, ಏಕೆ ಅಂಟುತ್ತದೆ ಎಂಬ ಪ್ರಶ್ನೆ ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಕ್ಷಯಕ್ಕೆ ತುತ್ತಾಗಿ, ಈಜಿಪ್ಟಿನಲ್ಲಿ ಚೇತರಿಸಿಕೊಂಡು 1889ರಲ್ಲಿ ಬರ್ಲಿನ್ನಿಗೆ ಮರಳಿದವನು ಸ್ವಂತದ ಪುಟ್ಟ ಪ್ರಯೋಗಶಾಲೆಯಲ್ಲಿ ದುಡಿದನು.

ಹರಳುಬೀಜದ ವಿಷವನ್ನೂ ಗುಲಗಂಜಿಯ ವಿಷವನ್ನೂ ಇಲಿಗಳಿಗೆ ಮೊದಲು ಕಣದಷ್ಟು, ಬಳಿಕ ಹೆಚ್ಚು ಹೆಚ್ಚಾಗಿ ಕೊಡುತ್ತ ಬಂದನು. ಬೇರೆ ಇಲಿಗಳನ್ನು ಕೊಲ್ಲುವ ಪ್ರಮಾಣದ ಅನೇಕ ಪಟ್ಟನ್ನು ಅವು ತಾಳಿಕೊಂಡವು. ಆದರೆ ಹರಳಿನ ವಿಷವನ್ನು ಗೆದ್ದ ಇಲಿ ಗುಲಗಂಜಿಯ ವಿಷಕ್ಕೆ ಸಾಯುತ್ತಿತ್ತು. ವಿಷಕ್ಕೆ ತಕ್ಕ ಪ್ರತಿಕಾಯ ಬೇರೆಯೆಂದೂ, ಅದರ ಬಲವನ್ನು ಅಂಕಿಗಳಲ್ಲಿ ಹೇಳಬಹುದೆಂದೂ 1891ರಲ್ಲಿ ಆತನು ತೋರಿಸಿದನು.

ಆ ಅಂಕಿಗಾಗಿ ಜಗತ್ತು ಕಾದಿತ್ತು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಗಂಟಲಮಾರಿಗೆ ಸೀರಮ್ಮಿನ ಮದ್ದಿನ ದಾರಿ ಕಂಡಿದ್ದರು. ಆದರೆ ಒಂದು ಕುದುರೆಯ ಸೀರಮ್ಮಿನ ಬಲ ಇನ್ನೊಂದರದಕ್ಕಿಲ್ಲ. ಉಸಿರುಕಟ್ಟಿ ಮಲಗಿದ ಮಗುವಿಗೆ ಎಷ್ಟು ಕೊಡಬೇಕು? ವಿಷದೊಡನೆ ತೂಗಿ ನೋಡೋಣವೆಂದರೆ, ಇಟ್ಟ ವಿಷವೇ ದಿನೇ ದಿನೇ ಕೊಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತಿತ್ತು. ಸೀರಮ್ಮಿಗೆ ಅಂಟುವ ಗುಣ ಮಾತ್ರ ಉಳಿಯುತ್ತಿತ್ತು. ಅಳತೆಗೋಲೇ ಸವೆಯುತ್ತಿತ್ತು! 1897ರಲ್ಲಿ ಎರ್ಲಿಖನು ಗೋಲನ್ನು ಬದಲಿಸಿದನು. ಒಣಗಿಸಿದ ಸೀರಮ್ಮನ್ನು ಗಾಳಿ, ಬೆಳಕು, ತೇವ ಸೋಕದಂತೆ ಕಾದಿರಿಸಿ, ಅದನ್ನೇ ಮೂಲಮಾನವೆಂದು ನಿಲ್ಲಿಸಿದನು. ಉಳಿದ ಸೀರಮ್ಮುಗಳೆಲ್ಲ ಅದರೆದುರು ತೂಗಬೇಕು.

ಮದ್ದಿನ ಲಾಭದ ವಿಷಯದಲ್ಲಿ ಬೇರಿಂಗನೊಡನೆ ಗೆಳೆತನ ಕಹಿಯಾಯಿತು. 1901ರ ಮೊದಲ ವೈದ್ಯ ನೊಬೆಲ್ ಬೇರಿಂಗನಿಗೆ ಸಂದಿತು. ಎರ್ಲಿಖನಿಗೆ 1908ರಲ್ಲಿ, ಮೆಚ್ನಿಕಾಫನೊಡನೆ. 1910ರಲ್ಲಿ ಸಿಫಿಲಿಸ್ಸಿಗೆ ಸಾಲ್ವರ್ಸಾನ್ ಎಂಬ ಮದ್ದನ್ನು ಕೊಟ್ಟ ಆತನು 1915ರ ಆಗಸ್ಟ್ 20ರಂದು ತೀರಿಕೊಂಡನು.

ಮುಂದೆ ನಾಟ್ಸಿಗಳು, ಯೆಹೂದಿಯೆಂಬ ಕಾರಣಕ್ಕೆ, ಫ್ರಾಂಕ್‌ಫರ್ಟಿನ ಬೀದಿಯೊಂದಕ್ಕಿದ್ದ ಆತನ ಹೆಸರನ್ನು ಅಳಿಸಿದರು. ಆತನ ವಿಧವೆ ದೇಶ ಬಿಟ್ಟಳು. ಆ ದಿನಗಳಲ್ಲಿಯೂ ಜರ್ಮನಿಯ ಮಕ್ಕಳಿಗೆ ಗಂಟಲಮಾರಿಯ ಸೀರಮ್ಮನ್ನು ಅಳೆದು ಕೊಟ್ಟದ್ದು ಎರ್ಲಿಖನ ಏಕಮಾನದಿಂದಲೇ ಬಂದ ಅಳತೆಯಲ್ಲಿ. ಯುದ್ಧಾನಂತರ ಬೀದಿಗೆ ಹೆಸರು ಮರಳಿತು.

ಇಂದು ರಕ್ತಪರೀಕ್ಷೆಯ ಚೀಟಿಯಲ್ಲಿ ಪ್ರತಿಕಾಯದ ಅಂಕಿಯನ್ನು ಕಂಡಾಗಲೆಲ್ಲ ನನಗೆ ಅಕ್ಕಸಾಲಿಗನ ತಕ್ಕಡಿಯ ಆ ಕೆಂಪು ಬೀಜ ನೆನಪಾಗುತ್ತದೆ.