ಕರ್ನಲ್ ಮೆಕೆಂಜಿ ಮತ್ತು ನೀರಿನೊಳಗಿನ ನಮ್ಮೂರು

ಯಾವ ಊರು ಅಂತ ಯಾರಾದರೂ ಕೇಳಿದರೆ ನಾನು ಹಿರಿಯೂರು ಅನ್ನುತ್ತೇನೆ. ನಮ್ಮಜ್ಜಿ ಹಾಗೆ ಹೇಳುವುದಿಲ್ಲ. ನಮ್ಮೂರು ನೀರಾಗೈತೆ ಅನ್ನುತ್ತಾಳೆ. ಮಾರಿ ಕಣಿವೆಗೆ ಅಡ್ಡಲಾಗಿ ವೇದಾವತಿಗೆ ಅಣೆಕಟ್ಟು ಕಟ್ಟಿದಾಗ, ಅಂದರೆ 1897ರಿಂದ 1907ರ ನಡುವೆ, ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ನಮ್ಮದೂ ಒಂದು. ಅಜ್ಜಿಯ ಅತ್ತೆ ಐದಾರು ವರ್ಷದವಳಿದ್ದಾಗ ಎತ್ತಿನ ಗಾಡಿಯಲ್ಲಿ ಕೂತು ಊರು ಬಿಟ್ಟು ಬಂದಿದ್ದಳಂತೆ. ವರ್ಷಕ್ಕೊಮ್ಮೆ ಮನೆದೇವರ ಪೂಜೆಯ ದಿನ ನಮ್ಮ ಮನೆಯವರು ವಾಣಿವಿಲಾಸ ಸಾಗರದ ದಂಡೆಗೆ ಹೋಗಿ, ನೀರಿನ ಕಡೆ ಮುಖ ಮಾಡಿ ಕಾಯಿ ಒಡೆಯುತ್ತಾರೆ. ಆದರೆ ಊರು ಇದ್ದದ್ದು ನೀರಿನ ಯಾವ ಭಾಗದಲ್ಲಿ ಎಂದು ಕೇಳಿದರೆ ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ಹಳೆಯ ಕಾಗದದ ನಕ್ಷೆಯೊಂದನ್ನು ಕಂಪ್ಯೂಟರಿಗೆ ತಂದು ಇವತ್ತಿನ ಉಪಗ್ರಹ ನಕ್ಷೆಯ ಮೇಲೆ ಕೂರಿಸುವ ಕೆಲಸ ಆರಿಸಿಕೊಂಡೆ. ಮಾರ್ಕ್ಸಿಗೆ ಮಾರ್ಕ್ಸೂ ಆಯಿತು, ಅಜ್ಜಿಯ ಊರೂ ಸಿಕ್ಕಿತು ಅನ್ನುವ ಲೆಕ್ಕಾಚಾರ. ಮೇಷ್ಟ್ರು 19ನೇ ಶತಮಾನದ ಇಂಡಿಯನ್ ಅಟ್ಲಾಸ್ ಹಾಳೆಯೊಂದರ ಸ್ಕ್ಯಾನ್ ಪ್ರತಿ ಕೊಟ್ಟರು. ನಾಲ್ಕು ಮೈಲಿಗೆ ಒಂದು ಅಂಗುಲದ ಅಳತೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಲ್ಲ ಇರುವೆ ಗಾತ್ರದ ಅಕ್ಷರಗಳಲ್ಲಿ ಇದ್ದವು. ಕಣಿವೆಯ ಹಿಂದೆ ಕೆರೆಯ ನೀಲಿ ಬಣ್ಣವೇ ಇರಲಿಲ್ಲ, ಬರೀ ನದಿಯ ಗೆರೆ, ಅಕ್ಕಪಕ್ಕ ಹಳ್ಳಿಗಳು. ಅವುಗಳಲ್ಲಿ ನಮ್ಮೂರಿನ ಹೆಸರೂ ಇತ್ತು. ಇದನ್ನೆಲ್ಲ ಅಳೆದವರು ಯಾರು ಎಂದು ಹುಡುಕಿದಾಗ ಸಿಕ್ಕ ಹೆಸರು ಕಾಲಿನ್ ಮೆಕೆಂಜಿ.

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೆ ಎಂಬ ಬಂದರು ಊರಿನಲ್ಲಿ. ಅಪ್ಪ ಅಲ್ಲಿನ ವ್ಯಾಪಾರಿ, ಅಂಚೆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದವನು. ಮಗನಿಗೆ ಊರಿನ ಸುಂಕದ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಸೇಫ್ ಜಾಬ್. ಆದರೆ ಆತನಿಗೆ ಗಣಿತದ ಹುಚ್ಚು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್‌ನ ಜೀವನಚರಿತ್ರೆಗಾಗಿ, ಭಾರತೀಯರ ಗಣಿತದ ಬಗ್ಗೆ ಮಾಹಿತಿ ಕಲೆಹಾಕುವ ಆಸೆ ಹತ್ತಿತು. ಕೆಲಸ ಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿ 1783ರಲ್ಲಿ ಮದರಾಸಿಗೆ ಬಂದಿಳಿದ. ಆಗ ಆತನಿಗೆ ಹೆಚ್ಚುಕಡಿಮೆ ಮೂವತ್ತು ವರ್ಷ. ಜತೆಯಲ್ಲಿ ಸೇರಿದವರಲ್ಲಿ ಬಹುತೇಕರು ಆತನಿಗಿಂತ ಚಿಕ್ಕವರು. ವಯಸ್ಸಾಯಿತು, ಇನ್ನು ನನ್ನಿಂದ ಏನಾಗುತ್ತೆ ಅಂದುಕೊಳ್ಳುವ ನಮ್ಮ ಸೀನಿಯರ್‌ಗಳು ಈ ಸಾಲನ್ನು ಇನ್ನೊಂದು ಸಲ ಓದಬೇಕು.

ಕಾಲಾಳು ಪಡೆಯಲ್ಲಿ ಶುರು ಮಾಡಿದ ಆತ ಮೂರು ವರ್ಷದೊಳಗೆ ಎಂಜಿನಿಯರ್ ವಿಭಾಗಕ್ಕೆ ಬಂದ. ನೆಲ್ಲೂರು, ಗುಂಟೂರು ಸೀಮೆಗಳ ಮೋಜಣಿ ಮಾಡಿದ, ನಿಜಾಮರ ಸೀಮೆಯಲ್ಲಿ ವರ್ಷಗಟ್ಟಲೆ ಅಲೆದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಮುತ್ತಿಗೆ ಹಾಕಿದ ಸೇನೆಯ ಎಂಜಿನಿಯರ್‌ಗಳಲ್ಲಿ ಮೆಕೆಂಜಿಯೂ ಇದ್ದ. ಯುದ್ಧ ಮುಗಿದ ಮೇಲೆ ರಾಜ್ಯ ಹಂಚಿಕೆಯಾಯಿತು. ಕಂಪನಿಗೆ ಒಂದು ಪಾಲು, ನಿಜಾಮನಿಗೆ ಒಂದು ಪಾಲು, ಉಳಿದದ್ದು ಒಡೆಯರಿಗೆ. ಯಾರ ಗಡಿ ಎಲ್ಲಿಗೆ ಎಂದು ಹೇಳಲು ನೆಚ್ಚುವಂಥ ನಕ್ಷೆಯೇ ಇರಲಿಲ್ಲ. ಹಾಗಾಗಿ ಮೈಸೂರು ಮೋಜಣಿಯ ಕೆಲಸ ಮೆಕೆಂಜಿಯ ಹೆಗಲಿಗೆ ಬಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇದು ನಮ್ಮ ಮೇಲಿನ ಪ್ರೀತಿಗೆ ಮಾಡಿದ ಕೆಲಸವಲ್ಲ. ಕಂಪನಿಗೆ ಬೇಕಾಗಿದ್ದದ್ದು ಸೇನೆ ಸಾಗುವ ದಾರಿ, ಕಂದಾಯ ಬರುವ ಹಳ್ಳಿ, ನಿಜಾಮನ ಜತೆಗಿನ ಗಡಿ. ಅಳತೆಯ ಸರಪಳಿ ಹಿಡಿದು ಬಂದವರನ್ನು ಜನ ಅನುಮಾನದಿಂದ ನೋಡಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೆಕೆಂಜಿ ಕೇಳಿದಷ್ಟಕ್ಕೇ ನಿಲ್ಲಲಿಲ್ಲ. ಊರು, ಕೆರೆ, ಬೆಟ್ಟ, ದಾರಿಗಳ ಜತೆಗೆ ಆ ಊರನ್ನು ಆಳಿದವರು ಯಾರು, ಗುಡಿ ಕಟ್ಟಿಸಿದವರು ಯಾರು, ಕಲ್ಲಿನ ಮೇಲೆ ಏನು ಬರೆದಿದೆ ಎಂದೂ ದಾಖಲೆ ಮಾಡಿಸಿದ. ಊರ ಹಿರಿಯರು, ಶ್ಯಾನುಭೋಗರು ಹೇಳಿದ ಕಥೆಗಳನ್ನು ಬರೆಸಿಕೊಂಡ. ಅವೇ ಕೈಫಿಯತ್ತುಗಳು. ಅವುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿ ಅವರು ಸಂಪಾದಿಸಿದ್ದಾರೆ. ಲೈಬ್ರರಿಯಲ್ಲಿ ಸಿಕ್ಕರೆ ನಿಮ್ಮ ಸೀಮೆಯ ಪುಟ ತೆಗೆದು ನೋಡಿ.

ಕೆಲಸದ ವಿಧಾನ ನಾವು ಸರ್ವೇಯಿಂಗ್ ಲ್ಯಾಬಿನಲ್ಲಿ ಕಲಿಯುವುದೇ. ಸಮತಟ್ಟು ಜಾಗದಲ್ಲಿ ಒಂದು ಆಧಾರ ರೇಖೆಯನ್ನು ಕಷ್ಟಪಟ್ಟು ಅಳೆಯುವುದು. ಅದರ ಎರಡು ತುದಿಯಿಂದ ದೂರದ ಬೆಟ್ಟಕ್ಕೆ ಥಿಯೊಡೊಲೈಟ್‌ನಲ್ಲಿ ಕೋನ ಹಿಡಿಯುವುದು. ಒಂದು ಬಾಹು, ಎರಡು ಕೋನ ಗೊತ್ತಾದರೆ ತ್ರಿಕೋನ ಪೂರ್ತಿ ಗೊತ್ತಾದಂತೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತಾ ಹೋಗಿ, ನಡುವಿನ ಹಳ್ಳಿ ಕೆರೆಗಳನ್ನು ಪ್ಲೇನ್ ಟೇಬಲ್ ಮೇಲೆ ತುಂಬುವುದು. ನಮ್ಮ ದುರ್ಗದ ಸೀಮೆಯಂತೆ ಬಯಲಿನ ನಡುವೆ ಕಲ್ಲುಗುಡ್ಡಗಳು ಎದ್ದು ನಿಂತ ನಾಡು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಅದೇ ದಿನಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೂ ಬೆಳೆ, ಕಸುಬುಗಳ ವಿವರ ಬರೆದುಕೊಳ್ಳುತ್ತಾ ಮೈಸೂರು ಸೀಮೆ ಸುತ್ತುತ್ತಿದ್ದ. 1807ರಲ್ಲಿ ಅಚ್ಚಾದ ಆತನ ಪುಸ್ತಕದ ಒಂದು ಅಧ್ಯಾಯದ ಹೆಸರಿನಲ್ಲೇ ಹಿರಿಯೂರು ಇದೆ.

ಮೋಜಣಿಗೆ ಜನ ಸಾಲುತ್ತಿರಲಿಲ್ಲ. 1794ರಲ್ಲಿ ಎಂಟು ಹುಡುಗರೊಂದಿಗೆ ಶುರುವಾದ ಮದರಾಸಿನ ಸರ್ವೇ ಶಾಲೆಯ ಹುಡುಗರು ಆತನ ಸಹಾಯಕರಾದರು. ಆ ಶಾಲೆಯೇ ಬೆಳೆದು ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜು ಆಯಿತು. ಜ್ವರ ಬಿದ್ದು ಜನ ಹಾಸಿಗೆ ಹಿಡಿದರು, ಕಂಪನಿ ಖರ್ಚು ಕಡಿತ ಮಾಡಿತು. ಆದರೂ ಸುಮಾರು ಹತ್ತು ವರ್ಷದಲ್ಲಿ 40,000 ಚದರ ಮೈಲಿ ಅಳೆದು ಮುಗಿಯಿತು. ನಕ್ಷೆಗಳ ಜತೆಗೆ ಏಳು ದೊಡ್ಡ ಸಂಪುಟಗಳ ವರದಿ ಸಿದ್ಧವಾಯಿತು.

ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ! ಅದನ್ನು ಆತ ಮುಚ್ಚಿಡಲೂ ಇಲ್ಲ. ಕನ್ನಡ, ತೆಲುಗು, ಸಂಸ್ಕೃತಗಳಿಗೆ ಆತನ ಕಿವಿ ಮತ್ತು ಕಣ್ಣಾದವರು ಏಲೂರಿನ ಕಾವಲಿ ಮನೆತನದ ಅಣ್ಣತಮ್ಮಂದಿರು. ದೊಡ್ಡವನು ವೆಂಕಟ ಬೋರಯ್ಯ. 1796ರಲ್ಲಿ ಮೆಕೆಂಜಿಯ ಜತೆ ಸೇರಿದಾಗ ಆತ ಇನ್ನೂ ನಮ್ಮ ವಯಸ್ಸಿನ ಹುಡುಗ. ಹಳಗನ್ನಡ ಶಾಸನಗಳನ್ನು ಓದಿ ಬಿಡಿಸುವಷ್ಟು ಪಳಗಿದ್ದವನು 1803ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡ. ಆಮೇಲೆ ತಮ್ಮ ಲಕ್ಷ್ಮಯ್ಯ ಕೆಲಸ ವಹಿಸಿಕೊಂಡ. ಇನ್ನೊಬ್ಬ ತಮ್ಮ ರಾಮಸ್ವಾಮಿ ಮುಂದೆ 1829ರಲ್ಲಿ ದಕ್ಷಿಣದ ಕವಿಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಹಳಗನ್ನಡ ಶಾಸನ ಓದಿಕೊಟ್ಟ. 1816ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದ ಮೆಕೆಂಜಿಯ ಚಿತ್ರ ಬರೆದಾಗ ಆತ ಒಬ್ಬನೇ ನಿಲ್ಲಲಿಲ್ಲ. ಕೆಂಪು ಕೋಟಿನ ಅಕ್ಕಪಕ್ಕ ಮೂವರು ಭಾರತೀಯ ಸಹಾಯಕರಿದ್ದಾರೆ. ಹಿಂದೆ ದೂರದಲ್ಲಿ ನಮ್ಮ ಶ್ರವಣಬೆಳಗೊಳದ ಗೊಮ್ಮಟ ಕಾಣುತ್ತಾನೆ.

ಈಗ ನನ್ನ ಪ್ರಾಜೆಕ್ಟಿನ ಕಥೆ. ಹಳೆಯ ನಕ್ಷೆಯನ್ನು ಕೂರಿಸಲು ನಾನು ಸುಲಭದ ದಾರಿ ಹಿಡಿದೆ. ಹಾಳೆಯ ಮೇಲೆ ಅಕ್ಷಾಂಶ, ರೇಖಾಂಶದ ಗೆರೆಗಳು ಇದ್ದವಲ್ಲ, ಅವು ಸೇರುವ ಮೂಲೆಗಳಿಗೆ ಅಂಕಿ ಕೊಟ್ಟೆ. ಕ್ಯೂಜಿಐಎಸ್ ಕ್ಷಣದಲ್ಲಿ ನಕ್ಷೆ ಕೂರಿಸಿತು. ದೋಷ ಬಹಳ ಕಡಿಮೆ ಎಂದೂ ತೋರಿಸಿತು. ನೋಡಿದರೆ ನಮ್ಮೂರು ನೀರಿನಲ್ಲಿ ಇಲ್ಲವೇ ಇಲ್ಲ, ಕೆರೆಯಿಂದ ಪೂರ್ವಕ್ಕೆ ಒಣ ನೆಲದ ಮೇಲೆ ಇದೆ! ಅದೇ ಸಂಜೆ ಅಜ್ಜಿಗೆ ಹೇಳಿಬಿಟ್ಟೆ, ನಮ್ಮೂರು ಮುಳುಗಿಲ್ಲ ಅಜ್ಜಿ, ಬೈಕಿನಲ್ಲಿ ಹೋಗಿ ನೋಡಿಕೊಂಡು ಬರಬಹುದು ಅಂತ.

ಅಜ್ಜಿ ಖುಷಿಪಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಹಾಗಾದರೆ ನಮ್ಮತ್ತೆ ಸಾಯೋವರೆಗೂ ನೀರು ನೋಡಿ ಯಾಕಪ್ಪ ಅಳುತ್ತಿದ್ದಳು ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಮಾರನೆಯ ದಿನ ನಕ್ಷೆಯನ್ನು ಮತ್ತೆ ತೆಗೆದೆ. ಆಗ ಕಂಡಿತು, ಹಿರಿಯೂರಿನ ಚುಕ್ಕೆಯೂ ಊರಿನಿಂದ ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಪೂರ್ವಕ್ಕೆ ಬಿದ್ದಿದೆ. ಹೊಸದುರ್ಗವೂ ಹಾಗೇ, ಹೊಳಲ್ಕೆರೆಯೂ ಹಾಗೇ. ಎಲ್ಲ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ದೂರ. ಅಳೆದವರು ತಪ್ಪಿದ್ದರೆ ಒಂದೊಂದು ಊರು ಒಂದೊಂದು ಕಡೆ ಹೋಗಬೇಕಿತ್ತು. ಕಾರಣ ಮೇಷ್ಟ್ರು ವಿವರಿಸಿದರು. ಅಂದಿನ ನಕ್ಷೆಗಳ ರೇಖಾಂಶ ಎಲ್ಲ ಮದರಾಸಿನ ವೀಕ್ಷಣಾಲಯದಿಂದ ಲೆಕ್ಕ ಹಾಕಿದ್ದು. ಆ ವೀಕ್ಷಣಾಲಯದ ರೇಖಾಂಶವನ್ನು 80 ಡಿಗ್ರಿ 17 ನಿಮಿಷ 21 ಸೆಕೆಂಡ್ ಎಂದು ಹಿಡಿದಿದ್ದರು. ನಿಜವಾದ ಬೆಲೆ ಅದಕ್ಕಿಂತ ಸುಮಾರು 2 ನಿಮಿಷ 27 ಸೆಕೆಂಡ್ ಕಡಿಮೆ. ನಮ್ಮ ಸೀಮೆಯಲ್ಲಿ ಒಂದು ಸೆಕೆಂಡ್ ಅಂದರೆ ಸುಮಾರು 30 ಮೀಟರ್. 147 ಸೆಕೆಂಡಿಗೆ ಲೆಕ್ಕ ಹಾಕಿ, 4.4 ಕಿಲೋಮೀಟರ್! ಊರು ಊರಿನ ನಡುವಿನ ಅಳತೆ ಸರಿಯೇ ಇತ್ತು. ಹಾಳೆಯ ಮೇಲಿನ ಗೆರೆಗಳಷ್ಟೇ ಜರುಗಿದ್ದವು. ನಾನು ನಂಬಿದ್ದು ಆ ಗೆರೆಗಳನ್ನು.

ಎರಡನೇ ಸಲ ಗೆರೆ ಬಿಟ್ಟು ಜಾಗಗಳನ್ನೇ ಹಿಡಿದೆ. ಇನ್ನೂರು ವರ್ಷದಿಂದ ಕದಲದೆ ಇರುವಂಥವು ಬೇಕು. ಹಿರಿಯೂರಿನ ತೇರುಮಲ್ಲೇಶ್ವರ ಗುಡಿಯ ಪಕ್ಕದ ಹೊಳೆ ದಂಡೆ, ವೇದಾವತಿಗೆ ಸುವರ್ಣಮುಖಿ ಸೇರುವ ಕೂಡಲು, ಹೊಸದುರ್ಗದ ಬೆಟ್ಟ, ಭೀಮಸಮುದ್ರದ ಕೆರೆ ಏರಿ. ಚಿತ್ರದುರ್ಗಕ್ಕೆ ಮೊದಲು ಬಸ್ ಸ್ಟ್ಯಾಂಡ್ ಹತ್ತಿರ ಗುರುತು ಹಾಕಿ ಪೆಚ್ಚಾದೆ. ಆಗಿನ ನಕ್ಷೆಗೆ ಚಿತ್ರದುರ್ಗ ಅಂದರೆ ಮೇಲಿನ ಕೋಟೆ, ಕೆಳಗೆ ಬೆಳೆದ ಇವತ್ತಿನ ಪೇಟೆಯಲ್ಲ. ಈ ಹಾಳೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 250 ಮೀಟರ್. ಹಾಗಾಗಿ ಎಷ್ಟೇ ಚೆನ್ನಾಗಿ ಕೂರಿಸಿದರೂ ಮನೆ ಬಾಗಿಲವರೆಗೆ ಹೋಗಲಾಗದು. ನನಗೆ ಉಳಿದ ದೋಷ ಅರ್ಧ ಕಿಲೋಮೀಟರಿನಷ್ಟು. ಅಷ್ಟು ಸಾಕಿತ್ತು. ನಮ್ಮೂರು ಈ ಸಲ ನೀರಿನ ಒಳಗೇ ಬಿತ್ತು.

ಮೆಕೆಂಜಿಯ ಉಳಿದ ಕಥೆ ಬೇಗ ಮುಗಿಯುತ್ತದೆ. 1811ರಲ್ಲಿ ಜಾವಾ ದಂಡಯಾತ್ರೆಗೆ ಹೋದ. ಅಲ್ಲೂ ಅಳೆದ, ಅಲ್ಲೇ ಮದುವೆಯಾದ. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದ. ಕಲೆಹಾಕಿದ್ದನ್ನೆಲ್ಲ ತಾನೇ ಕೂತು ವಿಂಗಡಿಸಿ ಪುಸ್ತಕ ಮಾಡಬೇಕು ಎಂಬ ಆಸೆ ಇತ್ತು. ಕೈಗೂಡಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಹತ್ತಿರ ತೀರಿಕೊಂಡ. 1783ರಲ್ಲಿ ಬಿಟ್ಟುಬಂದ ಹುಟ್ಟೂರನ್ನು ಮತ್ತೆ ನೋಡಲೇ ಇಲ್ಲ. ಸಂಗ್ರಹವನ್ನು ಕಂಪನಿ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಣಿಸಿ ಪಟ್ಟಿ ಮಾಡಿದಾಗ ಶಾಸನದ ಪ್ರತಿಗಳೇ 8,076, ನಾಣ್ಯಗಳು 6,218, ಚಿತ್ರಗಳು 2,630. ಲಕ್ಷ್ಮಯ್ಯ ಆ ಕೆಲಸ ತಾನು ಮುಂದುವರಿಸುತ್ತೇನೆ ಎಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯನ್ನು ಕೇಳಿಕೊಂಡ. ಸೊಸೈಟಿ ಒಪ್ಪಲಿಲ್ಲ. ದಶಕಗಳ ಅನುಭವ ಇದ್ದವನಿಗೆ ಆ ಯೋಗ್ಯತೆ ಇಲ್ಲ ಎಂದು ತೀರ್ಮಾನಿಸಿದರು. ಮೆಕೆಂಜಿಯ ಹೆಸರು ಉಳಿಯಿತು. ಲಕ್ಷ್ಮಯ್ಯನ ಹೆಸರನ್ನು ಹುಡುಕಬೇಕು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಇದು ಬರೀ ಹಳೇ ಕಾಲದ ಕಥೆಯಲ್ಲ. ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೇ ನಂಬರ್ ಬರುತ್ತದಲ್ಲ, ಅದರ ಹಿಂದೆ ಇರುವುದೂ ಹಳೆಯ ಗ್ರಾಮ ನಕ್ಷೆಗಳನ್ನು ಹೀಗೆಯೇ ಡಿಜಿಟಲ್ ಮಾಡಿ ಕೂರಿಸಿದ ಕೆಲಸ. ಕ್ಯೂಜಿಐಎಸ್ ಉಚಿತ, ಕಲಿಯಲು ಸಾಧಾರಣ ಲ್ಯಾಪ್‌ಟಾಪ್ ಸಾಕು. ಆದರೆ ಸಾಫ್ಟ್‌ವೇರ್ ತೋರಿಸುವ ದೋಷದ ಅಂಕಿ ಸೊನ್ನೆಯ ಹತ್ತಿರ ಇದೆ ಎಂದು ನಂಬಿ ಎದ್ದುಬಿಡಬೇಡಿ. ಆ ನೆಲ ಗೊತ್ತಿರುವ ಒಬ್ಬರನ್ನು ಕೇಳಿ. ಮೆಕೆಂಜಿ ಕೇಳಿದ. ನಾನು ಕೇಳದೆ ಹೇಳಲು ಹೋದೆ.

2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾನು ಪಿಯುಸಿಯಲ್ಲಿದ್ದೆ. ಎಲ್ಲರಂತೆ ನಾನೂ ಸೆಲ್ಫಿ ತೆಗೆದುಕೊಂಡು ಬಂದಿದ್ದೆ. ಈ ವರ್ಷ ಪೂಜೆಯ ದಿನ ಅಜ್ಜಿಯನ್ನು ದಂಡೆಗೆ ಕರೆದುಕೊಂಡು ಹೋಗಿ, ಮೊಬೈಲ್ ನೋಡಿ ದಿಕ್ಕು ತೋರಿಸಿದೆ. ನಾವು ಇಷ್ಟು ವರ್ಷ ಮುಖ ಮಾಡಿ ನಿಲ್ಲುತ್ತಿದ್ದ ಕಡೆಗಿಂತ ಸ್ವಲ್ಪ ಎಡಕ್ಕೆ. ಅಜ್ಜಿ ಏನೂ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗಿ ಕೈಮುಗಿದಳು.