ಬೇಳೆಕಾಳಿನ ಪ್ರೋಟೀನ್ ಮತ್ತು ಕಮಲಾ ಸೊಹೊನಿ

ಮಕ್ಕಳೇ, ಮಾಲೂರಾಗಲಿ ಮುಳಬಾಗಿಲಾಗಲಿ, ನಮ್ಮ ಜಿಲ್ಲೆಯಲ್ಲಿ ಮುದ್ದೆಯ ಜೊತೆ ಅವರೆಕಾಳಿನ ಇಲ್ಲವೇ ಹುರುಳಿಯ ಸಾರು ಮಾಡುವುದುಂಟು. ಇಂಥ ಬೇಳೆಕಾಳುಗಳ ಪ್ರೋಟೀನನ್ನು ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ ವಿಜ್ಞಾನಿ ಕಮಲಾ ಸೊಹೊನಿ.

1933ರಲ್ಲಿ ಅವರು ಬೊಂಬಾಯಿ ವಿಶ್ವವಿದ್ಯಾಲಯದ ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾದ ಸರ್ ಸಿ.ವಿ. ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಹೌದು, ನೊಬೆಲ್ ಪಡೆದ ರಾಮನ್ ಅವರೇ! ಕಮಲಾ ಸುಮ್ಮನಾಗಲಿಲ್ಲ. ನೇರವಾಗಿ ಅವರ ಬಳಿಗೇ ಹೋಗಿ ಕಾರಣ ಕೇಳಿದರು. ಕೊನೆಗೆ, ಒಂದು ವರ್ಷ ಕೆಲಸ ನೋಡಿ ಆಮೇಲೆ ಒಪ್ಪುವುದೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಪರೀಕ್ಷಿಸಿದರು. ಅವರ ಶ್ರದ್ಧೆಯನ್ನು ಕಂಡ ಮೇಲೆ ರಾಮನ್ ಬೇರೆ ಹೆಣ್ಣುಮಕ್ಕಳಿಗೂ ಪ್ರವೇಶ ಕೊಟ್ಟರು.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಮಣಿಗಳು 20 ಬಗೆ. ಅವುಗಳಲ್ಲಿ 9ನ್ನು ನಮ್ಮ ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು. ಅವು ಸಾಲದಿದ್ದರೆ ಸ್ನಾಯು ಬೆಳೆಯದು, ಗಾಯ ಬೇಗ ಮಾಯದು. ರಾಗಿಯಲ್ಲಿ ಲೈಸೀನ್ ಕಡಿಮೆ, ಮೆಥಿಯೊನೀನ್ ಸಾಕಷ್ಟಿದೆ. ಬೇಳೆಕಾಳುಗಳಲ್ಲಿ ಇದು ತಿರುಗುಮುರುಗು! ಆದ್ದರಿಂದಲೇ ಮುದ್ದೆಗೆ ಕಾಳಿನ ಸಾರು ಒಳ್ಳೆಯ ಜೋಡಿ. ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಅಮೈನೋ ಆಮ್ಲದ ಪುಡಿಯಲ್ಲಿರುವುದೂ ಇವೇ ಮಣಿಗಳು. ದಿನವೂ ಹೊಟ್ಟೆ ತುಂಬ ಇಂಥ ಊಟ ಮಾಡುವ ನಿಮಗೆ ಆ ಡಬ್ಬಿ ಬೇಕಿಲ್ಲ.

ಕಮಲಾ 1939ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಪಡೆದು ಭಾರತಕ್ಕೆ ಮರಳಿದರು. ಮುಂದೆ ಮುಂಬೈಯಲ್ಲಿ ಬೇಳೆಕಾಳುಗಳ ಜೊತೆಗೆ ನೀರಾದ ಪೌಷ್ಟಿಕತೆಯನ್ನೂ ಅಭ್ಯಾಸ ಮಾಡಿದರು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಅವರು 1998ರಲ್ಲಿ ತೀರಿಕೊಂಡರು.