ಗಂಧಕ್ಕೆ ಬೆಲೆ ತಂದ ಸೋಪು ಶಾಸ್ತ್ರಿಗಳು

ನಮ್ಮ ಕಾಸರಗೋಡಿನ ಗುಡ್ಡೆಗಳಲ್ಲೂ ಶ್ರೀಗಂಧದ ಮರ ಉಂಟು. ಅದರ ಬೆಲೆಯೆಲ್ಲ ಚೇಗಿನೊಳಗಿನ ಎಣ್ಣೆಯಲ್ಲಿ. ಆ ಎಣ್ಣೆಯನ್ನು ಸಾಬೂನಿಗೆ ಸೇರಿಸಿ ಮನೆಮನೆಗೆ ಮುಟ್ಟಿಸಿದ ರಸಾಯನ ಪಂಡಿತರು ಸೋಸಲೆ ಗರಳಪುರಿ ಶಾಸ್ತ್ರಿಗಳು.

ಆಗ ಮೈಸೂರು ಸಂಸ್ಥಾನ ಗಂಧದ ಕೊರಡನ್ನೇ ಹೊರಗೆ ಮಾರುತ್ತಿತ್ತು. ಎಣ್ಣೆ ತೆಗೆಯುತ್ತಿದ್ದದ್ದು ಹೆಚ್ಚಾಗಿ ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಬಂತು, ವ್ಯಾಪಾರ ನಿಂತಿತು, ಕೊರಡು ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಎಣ್ಣೆಯನ್ನು ಇಲ್ಲೇ ತೆಗೆಸಲು ಹೊರಟರು. 1916ರಲ್ಲಿ ಬೆಂಗಳೂರಲ್ಲಿ ಕಾರ್ಖಾನೆ ಶುರುವಾಯಿತು.

ಎಣ್ಣೆ ತೆಗೆಯುವುದು ಭಟ್ಟಿ ಇಳಿಸಿದ ಹಾಗೆಯೇ. ಚೇಗನ್ನು ಪುಡಿಮಾಡಿ ಹಂಡೆಗೆ ತುಂಬಿ ಹಬೆ ಹಾಯಿಸಬೇಕು. ಬರೀ ಎಣ್ಣೆ ಕುದಿಯಲು 300 ಡಿಗ್ರಿ ದಾಟಬೇಕು. ಅಷ್ಟು ಕಾಸಿದರೆ ಪರಿಮಳ ಕೆಡುತ್ತದೆ. ಹಬೆಯ ಜೊತೆಗಾದರೆ 100 ಡಿಗ್ರಿಯ ಆಸುಪಾಸಿನಲ್ಲೇ ಸ್ವಲ್ಪಸ್ವಲ್ಪವಾಗಿ ಏಳುತ್ತದೆ. ತಣಿಸಿದರೆ ನೀರು ಕೆಳಗೆ, ಎಣ್ಣೆ ಮೇಲೆ. ಸ್ಯಾಂಟಲಾಲ್ ಎಂಬುದೇ ಅದರ ಪರಿಮಳದ ಜೀವ.

ಸಾಬೂನಿನದ್ದು ಬೇರೆಯೇ ವಿದ್ಯೆ. ಕೊಬ್ಬಿಗೆ ಬೆರೆಸಿದ ಕಾಸ್ಟಿಕ್ ಸೋಡಾ ಮಿಕ್ಕಿದರೆ ಚರ್ಮ ಉರಿಯುತ್ತದೆ, ಪರಿಮಳವೂ ಹಾಳು. ಇದನ್ನು ಕಲಿಯಲು ಸಂಸ್ಥಾನ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿತು. ಮೈಸೂರು ಸ್ಯಾಂಡಲ್ ಸೋಪಿನ ಕಥೆ 1918ರಿಂದ ಶುರು. ಅಂಡಾಕಾರದ ಬಿಲ್ಲೆ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು. ಶಾಸ್ತ್ರಿಗಳು ಜನರ ಬಾಯಲ್ಲಿ ಸೋಪು ಶಾಸ್ತ್ರಿಗಳೇ ಆಗಿಹೋದರು.

ಮರ ಅದೇ, ಮಣ್ಣು ಅದೇ. ವಿದ್ಯೆ ಊರಿಗೆ ಬಂದ ಮೇಲೆ ಲಾಭವೂ ಊರಲ್ಲೇ ನಿಂತಿತು. ಕರಿಮೆಣಸನ್ನು ಮೂಟೆ ಕಟ್ಟಿ ಮಾರುವವರು ನಾವು, ಅದರ ಸತ್ವ ತೆಗೆದು ದುಡ್ಡು ಮಾಡುವವರು ಬೇರೆಯವರು. ಗಡಿನಾಡಿನ ರೈತ ಶಾಸ್ತ್ರಿಗಳನ್ನು ನೆನೆಯಬೇಕಾದ್ದು ಇದಕ್ಕೇ.